48 ಹೋಮ್ ರನ್ ಹೊಡೆದದ್ದು ಪೀಟ್ ಇಂಕವೀಲಿಯಾನೋ, ಅವನ ಅಲ್ಯೂಮಿನಿಯಂ ಬ್ಯಾಟೋ?

ಅರ್ವಿಂಗ್ ಕಿಟ್ಟಣ್ಣ

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಯಾವನಾದರೂ ಒಂದು ಋತುವಿಗೆ ಮೂವತ್ತಕ್ಕಿಂತ ಹೆಚ್ಚು ಹೋಮ್ ರನ್ (ನಮ್ಮ ಸಿಕ್ಸರ್ ಥರ, ಬೇಲಿ ದಾಟುವ ಹೊಡೆತ) ಹೊಡೆದರೆ ಸಾಕು, ಪತ್ರಿಕೆಗಳು ಪೀಟ್ ಇಂಕವೀಲಿಯಾನ ಹೆಸರನ್ನು ಅಟ್ಟದಿಂದ ಇಳಿಸುತ್ತವೆ. 2024ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಚಾರ್ಲಿ ಕಾಂಡನ್ 37 ಹೊಡೆದಾಗ ಹೀಗೇ ಆಯಿತು. ಅದೇ ವರ್ಷ ಫ್ಲಾರಿಡಾದ ಜ್ಯಾಕ್ ಕ್ಯಾಗ್ಲಿಯನೋನ್ 35 ಹೊಡೆದಾಗಲೂ ಆಯಿತು. 1985ರಲ್ಲಿ ಒಕ್ಲಹೋಮ ಸ್ಟೇಟ್ ತಂಡದ ಇಂಕವೀಲಿಯಾ 48 ಹೊಡೆದಿದ್ದ ಎಂದು ವರದಿಯ ಕೊನೆಗೆ ಒಂದು ಸಾಲು ಇರುತ್ತದೆ. ಅದರ ಕೆಳಗೆ ಓದುಗರದು ಒಂದೇ ರಾಗ: ಅದೆಲ್ಲ ಅಲ್ಯೂಮಿನಿಯಂ ಬ್ಯಾಟಿನ ಮಹಿಮೆ, ಮರದ ಬ್ಯಾಟಿನಲ್ಲೇ ಆಡುವ ಮೇಜರ್ ಲೀಗ್‌ಗೆ, ಅಂದರೆ ವೃತ್ತಿಪರರ ಮೇಲಿನ ಮಟ್ಟಕ್ಕೆ, ಕಾಲಿಟ್ಟ ಮೇಲೆ ಬಂಡವಾಳ ಬಯಲಾಯಿತು.

ಕೇಳಿ ಕೇಳಿ ಕಿವಿ ತೂತಾಗಿದೆ, ಅದಕ್ಕೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. 1985ರ ಋತುವಿನಲ್ಲಿ ಅವನು ಆಡಿದ್ದು 75 ಪಂದ್ಯ. ಸರಾಸರಿ (ಅವಕಾಶಗಳಲ್ಲಿ ಹಿಟ್ ಆದ ಪಾಲು; ಹಿಟ್ ಎಂದರೆ ಔಟಾಗದೆ ಬೇಸ್ ತಲುಪಿಸುವ ಹೊಡೆತ) 0.464, ಆರ್‌ಬಿಐ (ಅವನ ಹೊಡೆತದಿಂದ ತಂಡಕ್ಕೆ ಬಂದ ಓಟ) 143, ಸ್ಲಗಿಂಗ್ (ಅವಕಾಶಕ್ಕೆ ಸರಾಸರಿ ಎಷ್ಟು ಬೇಸ್ ಎಂಬ ಲೆಕ್ಕ) 1.140. ಹಿಟ್ ಆದ ಹೊಡೆತಗಳಲ್ಲಿ ಐದಕ್ಕೆ ಎರಡು ಬೇಲಿಯಾಚೆಗೆ ಹೋಗಿದ್ದವು. ಕಾಲೇಜಿನ ಮೂರು ವರ್ಷಗಳಲ್ಲಿ ಕ್ರಮವಾಗಿ 23, 29, 48, ಒಟ್ಟು ಸರಿಯಾಗಿ 100. ಋತುವಿನ ದಾಖಲೆಯೂ ಒಟ್ಟು ದಾಖಲೆಯೂ ಕಾಲೇಜು ಆಟದ ಮೊದಲ ದರ್ಜೆಯಲ್ಲಿ ಇಂದಿಗೂ ಅವನವೇ.

ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಆ ಜೂನ್ ತಿಂಗಳು ಎಂಥದ್ದಾಗಿತ್ತು ಗೊತ್ತೇ? ಮೊದಲ ಹೆಸರು ಬಿ.ಜೆ. ಸರ್ಹಾಫ್, ಎರಡನೆಯದು ವಿಲ್ ಕ್ಲಾರ್ಕ್, ನಾಲ್ಕನೆಯದು ಬ್ಯಾರಿ ಲಾರ್ಕಿನ್, ಆರನೆಯದು ಬ್ಯಾರಿ ಬಾಂಡ್ಸ್. ಎಂಟನೆಯವನಾಗಿ ಇಂಕವೀಲಿಯಾನನ್ನು ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡ ಆರಿಸಿಕೊಂಡಿತು. ಅವನು ಮೈನರ್ ಲೀಗ್‌ಗೆ ಹೋಗುವುದಿಲ್ಲ ಎಂದು ಹಟ ಹಿಡಿದ. ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು, ನವೆಂಬರ್‌ನಲ್ಲಿ ಎಕ್ಸ್‌ಪೋಸ್ ಅವನ ಸಹಿ ಹಾಕಿಸಿಕೊಂಡು ಆ ಕೈಯಲ್ಲೇ ನಮ್ಮ ಟೆಕ್ಸಾಸ್ ರೇಂಜರ್ಸ್‌ಗೆ ದಾಟಿಸಿತು. 1986ರ ಏಪ್ರಿಲ್‌ನಲ್ಲಿ, ಮೈನರ್ ಲೀಗ್‌ನ ಒಂದು ಪಂದ್ಯವನ್ನೂ ಆಡದೆ, ನೇರವಾಗಿ ಮೇಜರ್ ಲೀಗ್ ಮೈದಾನಕ್ಕಿಳಿದ. ಮರದ ಬ್ಯಾಟು ಹಿಡಿದು ಮೊದಲ ವರ್ಷವೇ 30 ಹೋಮ್ ರನ್ ಹೊಡೆದ.

ಅಲ್ಯೂಮಿನಿಯಂ ಅವನನ್ನು ಸೃಷ್ಟಿಸಿತು ಎನ್ನುವವರು ಈ 30ಕ್ಕೆ ಏನು ಹೇಳುತ್ತಾರೆ? ನನ್ನ ವಾದ ಬೇರೆಯೇ. ಬ್ಯಾಟು ಅವನನ್ನು ದೊಡ್ಡವನನ್ನಾಗಿ ಮಾಡಲಿಲ್ಲ. ಅವನಿಗೆ ಅಡ್ಡಗಾಲಾದದ್ದು ಮೈನರ್ ಲೀಗನ್ನು ಹಾರಿ ಬಂದ ಆತುರ.

ಹುಬ್ಬಳ್ಳಿ ಚಂದ್ರು

ಅಣ್ಣಾ, ನಾನು ಈ ಆಟಕ್ಕೆ ಹೊಸಬ. ಮೈನರ್ ಲೀಗ್ ಎಂದರೆ ನಮ್ಮ ರಣಜಿ ಟ್ರೋಫಿ ಇದ್ದ ಹಾಗೆಯೇ? ಅಲ್ಲಿಗೆ ಹೋಗುವುದಕ್ಕೆ ಅವನಿಗೆ ಅಷ್ಟು ಬೇಸರ ಏಕೆ?

ಅರ್ವಿಂಗ್ ಕಿಟ್ಟಣ್ಣ

ರಣಜಿ ತಂಡಕ್ಕೆ ತನ್ನದೇ ಊರು, ಮಾನ, ಟ್ರೋಫಿ ಇವೆ ತಮ್ಮಾ. ಮೈನರ್ ಲೀಗ್ ತಂಡ ಹಾಗಲ್ಲ, ಅದು ಮೇಜರ್ ಲೀಗ್ ತಂಡದ ತರಬೇತಿ ಶಾಲೆ. ಚಿಕ್ಕ ಊರುಗಳು, ರಾತ್ರಿಯಿಡೀ ಬಸ್ ಪ್ರಯಾಣ, ಪುಡಿಗಾಸಿನ ಸಂಬಳ. ಡ್ರಾಫ್ಟ್ ಆದ ಹುಡುಗ ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಏರಬೇಕು. ಎರಡು, ಮೂರು, ಕೆಲವೊಮ್ಮೆ ಐದು ವರ್ಷ. ಬಹುಪಾಲು ಹುಡುಗರು ಅಲ್ಲೇ ಮುಗಿದುಹೋಗುತ್ತಾರೆ. ಡ್ರಾಫ್ಟ್ ಪದ್ಧತಿ 1965ರಲ್ಲಿ ಆರಂಭವಾಯಿತು. ಅಲ್ಲಿಂದ ಈಚೆಗೆ ಆ ಮೆಟ್ಟಿಲು ತುಳಿಯದೆ ನೇರವಾಗಿ ಬಂದವರನ್ನು ಬೆರಳಲ್ಲೇ ಎಣಿಸಬಹುದು. 1973ರಲ್ಲಿ ಡೇವ್ ವಿನ್‌ಫೀಲ್ಡ್, 1978ರಲ್ಲಿ ಬಾಬ್ ಹಾರ್ನರ್, 1989ರಲ್ಲಿ ಜಾನ್ ಓಲೆರುಡ್.

ಗುಂಡೂರಾಯ

ಕಿಟ್ಟಣ್ಣನವರೇ, ರೇಂಜರ್ಸ್ ಅಭಿಮಾನ ನಿಮ್ಮ ಕಣ್ಣಿಗೆ ಪರದೆ ಕಟ್ಟಿದೆ. 30 ಹೋಮ್ ರನ್ ಎಂದಿರಿ. ಅದೇ ವರ್ಷ ಅವನು 185 ಸಲ ಸ್ಟ್ರೈಕ್ ಔಟ್ ಆದದ್ದನ್ನು ಏಕೆ ನುಂಗಿಕೊಂಡಿರಿ? ಮೇಜರ್ ಲೀಗ್‌ನ ಎರಡು ಪಂಗಡಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರೂ ಒಂದು ಋತುವಿನಲ್ಲಿ ಅಷ್ಟು ಸಲ ಬರಿಗಾಳಿಗೆ ಬ್ಯಾಟು ಬೀಸಿ ಹಿಂದಿರುಗಿರಲಿಲ್ಲ. ಮರುವರ್ಷ ರಾಬ್ ಡಿಯರ್ 186ಕ್ಕೆ ಏರಿಸದಿದ್ದರೆ ಆ ಅಪಕೀರ್ತಿ ಇನ್ನಷ್ಟು ಕಾಲ ಅವನ ಹೆಗಲ ಮೇಲೇ ಇರುತ್ತಿತ್ತು.

ಇನ್ನು ಕಾಲೇಜಿನ 48. ಅವನು ಆಡಿದ್ದು 75 ಪಂದ್ಯ. ಇಂದು ಕಾಲೇಜು ತಂಡಗಳಿಗೆ ನಿಯತ ಋತುವಿನಲ್ಲಿ 56 ಪಂದ್ಯಗಳ ಮಿತಿ ಇದೆ. ಅದರ ನಂತರದ ಪಂದ್ಯಗಳೂ ಸೇರಿ ಕಾಂಡನ್ 37 ಹೊಡೆದದ್ದು 60 ಪಂದ್ಯಗಳಲ್ಲಿ. ಭಾಗಿಸಿ ನೋಡಿ: ಇಂಕವೀಲಿಯಾ ಪಂದ್ಯಕ್ಕೆ 0.64, ಕಾಂಡನ್ ಸುಮಾರು 0.62. ಕಾಂಡನ್ ಕೈಯಲ್ಲಿದ್ದದ್ದು ಕಟ್ಟುನಿಟ್ಟಿನ ಪರೀಕ್ಷೆಗೆ ಒಳಗಾದ, ಹೆಚ್ಚುಕಡಿಮೆ ಮರದಂತೆಯೇ ವರ್ತಿಸುವ ಬ್ಯಾಟು. ಇವನ ಕೈಯಲ್ಲಿದ್ದದ್ದು ಫಿರಂಗಿ. ಯಾರು ದೊಡ್ಡವರು, ನೀವೇ ಹೇಳಿ.

ವಸುಧಾ (ಲೋಹಶಾಸ್ತ್ರ)

ಬ್ಯಾಟಿನ ವಿಷಯ ಬಂದಿದ್ದರಿಂದ ಎರಡು ಮಾತು. ವೃತ್ತಿಯಿಂದ ಲೋಹದ ಜೊತೆ ಏಗುವವಳು, ಸುಮ್ಮನಿರಲು ಆಗುವುದಿಲ್ಲ.

ಕಾಲೇಜು ಆಟಕ್ಕೆ ಅಲ್ಯೂಮಿನಿಯಂ ಬ್ಯಾಟು ಬಂದದ್ದು 1974ರಲ್ಲಿ, ಅದೂ ದುಡ್ಡಿನ ಕಾರಣಕ್ಕೆ. ಮರದ ಬ್ಯಾಟು ಮುರಿಯುತ್ತದೆ, ಪ್ರತಿ ವಾರ ಹೊಸದು ಕೊಳ್ಳುವುದು ಕಾಲೇಜುಗಳಿಗೆ ಹೊರೆ. ಲೋಹದ ಬ್ಯಾಟು ಋತುವಿಡೀ ಬಾಳುತ್ತದೆ. ಅದು ಆಟದ ಸ್ವರೂಪವನ್ನೇ ಬದಲಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಬದಲಿಸಿದ್ದು ಹೇಗೆ? ಮರದ ಬ್ಯಾಟು ಗಟ್ಟಿ ದಿಮ್ಮಿ. ಚೆಂಡು ಬಡಿದಾಗ ಬ್ಯಾಟು ಜಗ್ಗುವುದಿಲ್ಲ, ಚೆಂಡೇ ಅಪ್ಪಚ್ಚಿಯಾಗುತ್ತದೆ, ಹಾಗೆ ಅಪ್ಪಚ್ಚಿಯಾಗುವುದರಲ್ಲಿ ಅದರ ಶಕ್ತಿಯ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಲೋಹದ ಬ್ಯಾಟು ಟೊಳ್ಳು. ಚೆಂಡು ಬಡಿದಾಗ ತೆಳುಗೋಡೆ ಒಳಕ್ಕೆ ಬಾಗಿ ಥಟ್ಟನೆ ಮೊದಲಿನಂತಾಗುತ್ತದೆ. ಚೆಂಡು ಅಷ್ಟಾಗಿ ನುಜ್ಜಾಗದೆ ಹೆಚ್ಚು ವೇಗದಲ್ಲಿ ಹೊರಡುತ್ತದೆ. ಎರಡನೆಯದು ತೂಕ. ಟೊಳ್ಳಾದ್ದರಿಂದ ತುದಿಯಲ್ಲಿ ಭಾರ ಕಡಿಮೆ, ಬ್ಯಾಟರ್ ಒಂದು ಕ್ಷಣ ತಡವಾಗಿ ಬೀಸಲು ಆರಂಭಿಸಿದರೂ ನಡೆಯುತ್ತದೆ. ಆ ಕ್ಷಣದಲ್ಲೇ ಬರುತ್ತಿರುವ ಚೆಂಡು ನೇರವೋ, ತಿರುಗುವುದೋ ಎಂದು ಕಣ್ಣಿಗೆ ಗೊತ್ತಾಗುವುದು. ಮೂರನೆಯದನ್ನು ಪಿಚರ್‌ಗಳು ಶಪಿಸುತ್ತಾರೆ. ಪಿಚರ್ ಚೆಂಡನ್ನು ಬ್ಯಾಟರ್‌ನ ಮುಷ್ಟಿಯ ಹತ್ತಿರಕ್ಕೆ ಎಸೆದು ಕಟ್ಟಿಹಾಕಿದಾಗ ಮರದ ಬ್ಯಾಟು ಹಿಡಿಯ ಬಳಿ ಲಟಕ್ಕೆಂದು ಮುರಿದು, ಚೆಂಡು ಕಾಲಬುಡಕ್ಕೆ ಉರುಳುತ್ತದೆ. ಲೋಹದ ಬ್ಯಾಟಿನಲ್ಲಿ ಅದೇ ಕೆಟ್ಟ ಹೊಡೆತ ಒಳವಲಯದ ಆಟಗಾರರ ತಲೆಯ ಮೇಲಿಂದ ಹಾರಿ ಹಿಟ್ ಆಗುತ್ತದೆ.

1998ರ ಕಾಲೇಜು ವಿಶ್ವ ಸರಣಿಯ ಫೈನಲ್ 21–14ಕ್ಕೆ ಮುಗಿದಾಗ ಎಲ್ಲರಿಗೂ ಸಾಕಪ್ಪಾ ಎನಿಸಿತು. ಬ್ಯಾಟಿನ ಉದ್ದ ಅಂಗುಲದಲ್ಲಿ ಎಷ್ಟೋ, ತೂಕ ಔನ್ಸ್‌ನಲ್ಲಿ ಆ ಸಂಖ್ಯೆಗಿಂತ ಕಡಿಮೆಯಿದ್ದರೂ ಆ ಕೊರತೆ ಮೂರನ್ನು ಮೀರುವಂತಿಲ್ಲ ಎಂಬ ಕಟ್ಟು ಬಂತು. 2011ರಲ್ಲಿ ಪುಟಿತಕ್ಕೇ ಮಿತಿ ಹಾಕಿದರು. ಆ ಒಂದೇ ವರ್ಷದಲ್ಲಿ ಕಾಲೇಜು ಹೋಮ್ ರನ್‌ಗಳು ಸುಮಾರು ಅರ್ಧಕ್ಕೆ ಕುಸಿದವು. ಬ್ಯಾಟಿನ ಪಾಲು ದೊಡ್ಡದು ಎನ್ನಲು ಇಷ್ಟು ಸಾಕು, ಗುಂಡೂರಾಯರ ಮಾತು ಆ ಮಟ್ಟಿಗೆ ಸರಿ.

ಆದರೆ ರಾಯರೇ, 1985ರಲ್ಲಿ ಆ ಫಿರಂಗಿ ಎಲ್ಲರ ಕೈಯಲ್ಲೂ ಇತ್ತಲ್ಲ? ಅರಿಜೋನಾ ಸ್ಟೇಟ್‌ನಲ್ಲಿ ಬಾಂಡ್ಸ್ ಕೈಯಲ್ಲಿ, ಮಿಸಿಸಿಪಿ ಸ್ಟೇಟ್‌ನಲ್ಲಿ ಕ್ಲಾರ್ಕ್ ಕೈಯಲ್ಲಿ. ಅವರ್ಯಾರೂ 48ರ ಹತ್ತಿರಕ್ಕೂ ಸುಳಿಯಲಿಲ್ಲ.

ಗುಂಡೂರಾಯ

ಮೇಡಂ, ಕಾಲೇಜಿನಲ್ಲಿ ಹೊಡೆದವನು ಒಂದು, ಮುಂದೆ ಬಾಳಿದವನು ಒಂದು. ಬಾಂಡ್ಸ್ ಮೇಜರ್ ಲೀಗ್‌ನ ಹೋಮ್ ರನ್ ದಾಖಲೆಯವರೆಗೆ ಹೋದ, ಇವನು ಎಲ್ಲಿಗೆ ಹೋದ? ಆ ವರ್ಷದ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿಯೂ ಇವನಿಗೆ ಬರಲಿಲ್ಲ, ಕ್ಲಾರ್ಕ್‌ಗೆ ಹೋಯಿತು. 48 ಹೊಡೆದವನನ್ನು ಬಿಟ್ಟು ಇನ್ನೊಬ್ಬನಿಗೆ ಕೊಟ್ಟರೆಂದರೆ, ನೋಡಿದವರಿಗೆ ಆಗಲೇ ಏನೋ ಹೊಳೆದಿರಬೇಕು.

ವಸುಧಾ (ಲೋಹಶಾಸ್ತ್ರ)

ಹಾಗಾದರೆ ಜೆಫ್ ಲೆಡ್‌ಬೆಟರ್ ಕಥೆ ಕೇಳಿ. 1982ರಲ್ಲಿ ಫ್ಲಾರಿಡಾ ಸ್ಟೇಟ್ ಪರವಾಗಿ 42 ಹೋಮ್ ರನ್, ಕಾಲೇಜಿನಲ್ಲಿ ಒಟ್ಟು 97. ಇಂಕವೀಲಿಯಾ ಮುರಿದದ್ದು ಅವರ ದಾಖಲೆಗಳನ್ನೇ. ಬಾಸ್ಟನ್ ರೆಡ್ ಸಾಕ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಮೇಜರ್ ಲೀಗ್‌ನಲ್ಲಿ ಎಷ್ಟು ಪಂದ್ಯ ಆಡಿದರು ಗೊತ್ತೇ? ಒಂದೂ ಇಲ್ಲ. ಬರೀ ಬ್ಯಾಟಿನ ಬಲದಿಂದ ಬೆಳೆದವರ ಪಾಡು ಹಾಗಿರುತ್ತದೆ. ಇಂಕವೀಲಿಯಾ ಅವರು ಮೇಜರ್ ಲೀಗ್‌ನಲ್ಲಿ 12 ಋತು ಆಡಿದರು, 1,284 ಪಂದ್ಯ, 206 ಹೋಮ್ ರನ್. ಇದನ್ನು ಬಾಂಡ್ಸ್ ಪಕ್ಕದಲ್ಲಿಟ್ಟು ಅಳೆದರೆ ಯಾರು ತಾನೇ ಎತ್ತರ ಕಾಣುತ್ತಾರೆ?

ಹುಬ್ಬಳ್ಳಿ ಚಂದ್ರು

ಇವನ ಹೆಸರಿನಲ್ಲಿ ಒಂದು ನಿಯಮವೇ ಇದೆ ಎಂದು ಎಲ್ಲೋ ಓದಿದ್ದೆ. ಅದು ಏನು?

ಅರ್ವಿಂಗ್ ಕಿಟ್ಟಣ್ಣ

ಮಾಂಟ್ರಿಯಲ್ ಹಟದ ಫಲ ಅದು. ಡ್ರಾಫ್ಟ್ ಇರುವುದೇ ದುರ್ಬಲ ತಂಡಕ್ಕೆ ಒಳ್ಳೆಯ ಹುಡುಗ ಸಿಗಲಿ ಎಂದು. ಆ ಹುಡುಗನೇ ಇಲ್ಲಿ ಆಡುವುದಿಲ್ಲ, ಬೇರೆಲ್ಲಿಗಾದರೂ ಕಳಿಸಿ ಎಂದು ಕುಳಿತು, ತಂಡ ಅದಕ್ಕೆ ಮಣಿದು ಸಹಿಯಾದ ಕೂಡಲೇ ಮಾರಿಬಿಟ್ಟರೆ ಡ್ರಾಫ್ಟ್‌ಗೆ ಅರ್ಥವೇನು ಉಳಿಯಿತು? ಎಕ್ಸ್‌ಪೋಸ್‌ಗೆ ಬದಲಾಗಿ ಸಿಕ್ಕಿದ್ದು ಬಾಬ್ ಸೆಬ್ರಾ ಎಂಬ ಪಿಚರ್, ಜಿಮ್ ಆಂಡರ್ಸನ್ ಎಂಬ ಒಳವಲಯದ ಆಟಗಾರ. ಮುಂದಿನವರಿಗೆ ಇದೊಂದು ದಾರಿಯಾಗಬಾರದೆಂದು, ಡ್ರಾಫ್ಟ್ ಆದವನನ್ನು ಸಹಿ ಹಾಕಿದ ಒಂದು ವರ್ಷದೊಳಗೆ ಬೇರೆ ತಂಡಕ್ಕೆ ದಾಟಿಸುವಂತಿಲ್ಲ ಎಂದು ಕಟ್ಟು ಮಾಡಿದರು. ಜನ ಅದನ್ನು ಇಂಕವೀಲಿಯಾ ನಿಯಮ ಎಂದೇ ಕರೆದರು.

ಸುಮಾರು ಮೂವತ್ತು ವರ್ಷ ಅದು ನಡೆಯಿತು. ಕೊನೆಗೆ ಅದನ್ನು ಹಾಸ್ಯಾಸ್ಪದ ಮಾಡಿದ್ದು ಟ್ರೇ ಟರ್ನರ್ ಪ್ರಕರಣ. 2014ರ ಜೂನ್‌ನಲ್ಲಿ ಸ್ಯಾನ್ ಡಿಯಾಗೋ ತಂಡ ಆರಿಸಿದ ಹುಡುಗ. ಅದೇ ಡಿಸೆಂಬರ್‌ನಲ್ಲಿ ಅವನು ವಾಷಿಂಗ್ಟನ್‌ಗೆ ಹೋಗುವುದು ಖಾತ್ರಿಯಾಯಿತು, ಆದರೆ ವರ್ಷ ತುಂಬಿರಲಿಲ್ಲ. ಆದ್ದರಿಂದ ಮುಂದೆ ಹೆಸರಿಸಲಾಗುವ ಆಟಗಾರ ಎಂದು ಕಾಗದದಲ್ಲಿ ಬರೆದು, 2015ರ ಜೂನ್‌ವರೆಗೆ ಮಾರಿದ ತಂಡದಲ್ಲೇ ಅವನನ್ನು ಆಡಿಸಿದರು! ಇಡೀ ದೇಶಕ್ಕೆ ಗೊತ್ತಿರುವ ಗುಟ್ಟು. ಅವನು ಗಾಯಗೊಂಡರೆ ನಷ್ಟ ಯಾರಿಗೆ? ಆ ಮೇ ತಿಂಗಳಲ್ಲೇ ನಿಯಮ ಸಡಿಲಿಸಿ, ವಿಶ್ವ ಸರಣಿ (ಮೇಜರ್ ಲೀಗ್‌ನ ಅಂತಿಮ ಪೈಪೋಟಿ) ಮುಗಿದ ಮೇಲೆ ಆ ವರ್ಷದ ಹುಡುಗರನ್ನು ದಾಟಿಸಬಹುದು ಎಂದರು. ಅದೇ ಡಿಸೆಂಬರ್‌ನಲ್ಲಿ, ಆ ವರ್ಷದ ಡ್ರಾಫ್ಟ್‌ನ ಮೊದಲ ಹೆಸರಾದ ಡ್ಯಾನ್ಸ್‌ಬಿ ಸ್ವಾನ್‌ಸನ್ ಅರಿಜೋನಾದಿಂದ ಅಟ್ಲಾಂಟಾಕ್ಕೆ ಹೋದ.

ಗುಂಡೂರಾಯ

ನಿಯಮದ ಪುರಾಣ ಚೆನ್ನಾಗಿದೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿ? 185 ಸ್ಟ್ರೈಕ್ ಔಟ್?

ಅರ್ವಿಂಗ್ ಕಿಟ್ಟಣ್ಣ

ಅಲ್ಲಿಗೇ ಬರುತ್ತಿದ್ದೇನೆ ರಾಯರೇ, ನನ್ನ ವಾದದ ತಿರುಳೇ ಅದು.

1986ರ ವಸಂತ ತರಬೇತಿಯಲ್ಲಿ ರೇಂಜರ್ಸ್ ಫ್ಲಾರಿಡಾದ ಪಾಂಪಾನೋ ಬೀಚ್‌ನಲ್ಲಿತ್ತು. ಅಭ್ಯಾಸದ ವೇಳೆ ಇಂಕವೀಲಿಯಾ ಹೊಡೆದ ಒಂದು ಚೆಂಡು ಮೈದಾನದ ಅಂಚಿನ ಮರದ ಬೇಲಿಯ ಮೇಲಿಂದ ಹೋಗಲಿಲ್ಲ, ಬೇಲಿಯನ್ನು ಸೀಳಿಕೊಂಡು ಹೋಯಿತು. ಹಲಗೆಯಲ್ಲಿ ತೂತು. ಆ ದಿನದಿಂದ ಅವನನ್ನು ಮೈನರ್ ಲೀಗ್‌ಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. 1985ರಲ್ಲಿ ರೇಂಜರ್ಸ್ 99 ಪಂದ್ಯ ಸೋತ ತಂಡ, ಕಳೆದುಕೊಳ್ಳಲು ಏನೂ ಇರಲಿಲ್ಲ. ವ್ಯವಸ್ಥಾಪಕ ಬಾಬಿ ವ್ಯಾಲಂಟೈನ್ ಎಳೆಯರನ್ನೇ ಇಳಿಸಿದ. ತಂಡ 87 ಪಂದ್ಯ ಗೆದ್ದು ವಿಭಾಗದಲ್ಲಿ ಎರಡನೆಯದಾಯಿತು. ಅಂಥ ಹೊತ್ತಿನಲ್ಲಿ ಯಾರು ಅವನಿಗೆ ನಿನ್ನ ಕಣ್ಣು ಇನ್ನೂ ಹಸಿ ಎಂದು ಹೇಳುತ್ತಾರೆ?

ನಾನು ಆರ್ಲಿಂಗ್ಟನ್ ಕ್ರೀಡಾಂಗಣದಲ್ಲಿ ಅವನನ್ನು ನೋಡಿದ್ದೇನೆ. ಎದೆಯೆತ್ತರದಲ್ಲಿ ಬಂದ ವೇಗದ ಚೆಂಡಿಗೆ ಅವನಷ್ಟು ಭಯಂಕರವಾಗಿ ಬಡಿದವರನ್ನು ಕಂಡಿಲ್ಲ. ಅದು ತಿಳಿದ ಪಿಚರ್‌ಗಳು ಅವನಿಗೆ ಅದನ್ನು ಕೊಡುವುದನ್ನೇ ಬಿಟ್ಟರು. ಹೊರಬದಿಯಲ್ಲಿ, ಬ್ಯಾಟರ್ ಮುಂದೆ ನೆಲದಲ್ಲಿರುವ ತಟ್ಟೆಯ (ಹೋಮ್ ಪ್ಲೇಟ್) ಅಂಚಿನತ್ತ ಬಂದಂತೆ ಮಾಡಿ ಕೊನೆಗೆ ಕೆಳಗೆ ಜಾರಿಹೋಗುವ ಸ್ಲೈಡರ್. ಅವನು ಸೊಂಟ ತಿರುಗಿಸಿ ಪೂರ್ತಿ ಬೀಸಿಬಿಡುತ್ತಿದ್ದ. ಮತ್ತೆ ಅದೇ ಚೆಂಡು, ಮತ್ತೆ ಅದೇ ಬೀಸು. ಕಾಲೇಜಿನಲ್ಲಿ ಆ ಚೆಂಡನ್ನು ಕರಾರುವಾಕ್ಕಾಗಿ ಎಸೆಯುವವರು ವಾರಕ್ಕೊಬ್ಬ ಸಿಗುತ್ತಿದ್ದರು. ಇಲ್ಲಿ ದಿನಾ ಸಂಜೆ. ಮೈನರ್ ಲೀಗ್‌ನ ಎರಡು ವರ್ಷಗಳು ಇರುವುದು ಇಂಥದ್ದನ್ನು ಬಿಡಲು ಕಲಿಯುವುದಕ್ಕೆ. ಅಲ್ಲಿ ಸೋತರೆ ಪತ್ರಿಕೆಯಲ್ಲಿ ಬರುವುದಿಲ್ಲ. ಇವನು ಸಾವಿರಾರು ಜನರೆದುರು ಕಲಿಯಬೇಕಾಯಿತು, ಕಲಿಯುವಷ್ಟರಲ್ಲಿ ಸರಾಸರಿ 1987ರ 0.271ರಿಂದ 1990ರಲ್ಲಿ 0.233ಕ್ಕೆ ಇಳಿದಿತ್ತು. 24 ಹೋಮ್ ರನ್ ಹೊಡೆದ ವರ್ಷವೇ ಅದು. 1991ರ ಮಾರ್ಚ್‌ನಲ್ಲಿ ರೇಂಜರ್ಸ್ ಅವನನ್ನು ಕೈಬಿಟ್ಟಿತು. ಆಗ ಅವನ ವಯಸ್ಸು ಇನ್ನೂ 26.

ಮಂಗಳೂರು ಶೆಣೈ (ಫಿಲಡೆಲ್ಫಿಯಾ)

ಸ್ಟ್ರೈಕ್ ಔಟ್ ಲೆಕ್ಕ ಹಿಡಿದು ಅಳುವ ಕಾಲ ಹೋಯಿತು ರಾಯರೇ. 2017ರಲ್ಲಿ ಆರನ್ ಜಡ್ಜ್ ಮೊದಲ ಪೂರ್ಣ ಋತುವಿನಲ್ಲಿ 208 ಸಲ ಸ್ಟ್ರೈಕ್ ಔಟ್ ಆದ, 52 ಹೋಮ್ ರನ್ ಹೊಡೆದ, ಜನ ಹೊತ್ತು ಮೆರೆಸಿದರು. ಇಂಕವೀಲಿಯಾ ಮೂವತ್ತು ವರ್ಷ ಮುಂಚೆ ಹುಟ್ಟಿದ, ಅಷ್ಟೇ.

ಗುಂಡೂರಾಯ

ಜಡ್ಜ್ ಅದೇ ವರ್ಷ 127 ಸಲ ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟವನಿಗೆ ಸಿಗುವ ಬೇಸ್) ಪಡೆದ, ಶೆಣೈಯವರೇ. ಕೆಟ್ಟ ಚೆಂಡನ್ನು ಬಿಡುವುದು ಅವನಿಗೆ ಗೊತ್ತು. ಇಂಕವೀಲಿಯಾ ವೃತ್ತಿಜೀವನದುದ್ದಕ್ಕೂ ಬೇಸ್ ತಲುಪಿದ ಪ್ರಮಾಣ 0.310. ಸ್ಟ್ರೈಕ್ ಔಟ್ ಜಾಸ್ತಿ ಎನ್ನುವುದು ನನ್ನ ದೂರಲ್ಲ, ಅದಕ್ಕೆ ಪ್ರತಿಯಾಗಿ ತಾಳ್ಮೆಯಿಂದ ಏನೂ ಗಳಿಸಲಿಲ್ಲ ಎಂಬುದು ದೂರು. ಅವನು ಇಂದು ಹುಟ್ಟಿದ್ದರೂ ಇದೇ ಗತಿ.

ಕಿಟ್ಟಣ್ಣನವರ ಮೈನರ್ ಲೀಗ್ ವಾದವೂ ನನಗೆ ಒಗ್ಗಲಿಲ್ಲ. ಓಲೆರುಡ್ ಕೂಡ ಕಾಲೇಜಿನಿಂದ ನೇರವಾಗಿ ಬಂದವನೇ. ಮೈನರ್ ಲೀಗ್ ಆಡದೆಯೂ ಅವನಿಗೆ ಚೆಂಡು ಬಿಡಲು ಬರುತ್ತಿತ್ತು. 1993ರಲ್ಲಿ ಅಮೆರಿಕನ್ ಲೀಗ್‌ನ ಸರಾಸರಿ ಪಟ್ಟಿಯಲ್ಲಿ ಮೊದಲಿಗನಾದ. ಕಣ್ಣು ಹುಟ್ಟಿನಿಂದ ಬರುತ್ತದೆ, ಬಸ್ ಪ್ರಯಾಣದಿಂದಲ್ಲ.

ಅರ್ವಿಂಗ್ ಕಿಟ್ಟಣ್ಣ

ಓಲೆರುಡ್‌ನಂಥವರು ಶತಮಾನಕ್ಕೊಬ್ಬರು. ಅವರನ್ನು ತೋರಿಸಿ ಎಲ್ಲರಿಗೂ ಶಾಲೆ ಬೇಡ ಎನ್ನುವುದು ಯಾವ ನ್ಯಾಯ?

ಪಕ್ಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಇಂಕವೀಲಿಯಾ ಹೊರಟ ಬೆನ್ನಿಗೇ ಅದೇ ಒಕ್ಲಹೋಮ ಸ್ಟೇಟ್‌ಗೆ, ಅದೇ ಕೋಚ್ ಗ್ಯಾರಿ ವಾರ್ಡ್ ಕೈಕೆಳಗೆ ಬಂದವನು ರಾಬಿನ್ ವೆಂಚುರಾ. ವಾರ್ಡ್ ತಂಡ 1981ರಿಂದ 1987ರವರೆಗೆ ಸತತ ಏಳು ವರ್ಷ ಒಮಾಹಾದ ಕಾಲೇಜು ವಿಶ್ವ ಸರಣಿಗೆ ಹೋಗಿತ್ತು. ಒಮ್ಮೆಯೂ ಗೆಲ್ಲಲಿಲ್ಲ ಎಂಬುದು ಬೇರೆ ಸಂಕಟ. 1987ರಲ್ಲಿ ವೆಂಚುರಾ ಸತತ 58 ಪಂದ್ಯಗಳಲ್ಲಿ ಹಿಟ್ ಗಳಿಸಿದ. ಮೇಜರ್ ಲೀಗ್‌ನಲ್ಲಿ ಜೋ ಡಿಮ್ಯಾಜಿಯೋನ 56 ಪಂದ್ಯಗಳ ಸರಣಿ ಎಲ್ಲರಿಗೂ ಗೊತ್ತು, ಈ ಹುಡುಗ ಕಾಲೇಜು ಮಟ್ಟದಲ್ಲಿ ಅದನ್ನೂ ದಾಟಿದ. ಒಮಾಹಾದಲ್ಲಿ ಸ್ಟ್ಯಾನ್‌ಫರ್ಡ್‌ನ ಜ್ಯಾಕ್ ಮ್ಯಾಕ್‌ಡವೆಲ್ ಎಂಬ ಪಿಚರ್ ಅದನ್ನು ಮುರಿದ. ಮುಂದೆ ಇಬ್ಬರೂ ಶಿಕಾಗೋ ವೈಟ್ ಸಾಕ್ಸ್‌ನಲ್ಲಿ ಒಂದೇ ತಂಡದವರಾದರು! 1988ರಲ್ಲಿ ಗೋಲ್ಡನ್ ಸ್ಪೈಕ್ಸ್, ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಇಷ್ಟೆಲ್ಲ ಆಗಿಯೂ ಅವನು ಮೂಗು ಮುರಿಯದೆ 1989ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಮೈನರ್ ಲೀಗ್ ಆಡಿದ. ಮೇಜರ್ ಲೀಗ್‌ನಲ್ಲಿ 16 ಋತು, 294 ಹೋಮ್ ರನ್, ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಆರು.

ಗುಂಡೂರಾಯ

ಅದೇ ವೆಂಚುರಾ 1990ರಲ್ಲಿ ಸತತ 41 ಸಲ ಹಿಟ್ ಇಲ್ಲದೆ ಮರಳಿದ. ಬರ್ಮಿಂಗ್‌ಹ್ಯಾಮ್ ಏನು ಕಲಿಸಿತು?

ಅರ್ವಿಂಗ್ ಕಿಟ್ಟಣ್ಣ

41ರ ನಂತರವೂ ತನ್ನ ಬೀಸನ್ನು ಬದಲಿಸದೆ ತಡೆದುಕೊಳ್ಳುವುದನ್ನು ಕಲಿಸಿತು. ಮರುವರ್ಷ ಅವನು 23 ಹೋಮ್ ರನ್ ಹೊಡೆದ.

ವಸುಧಾ (ಲೋಹಶಾಸ್ತ್ರ)

ಇಲ್ಲಿ ನೀವಿಬ್ಬರೂ ಒಂದು ಮಾತನ್ನು ಬಿಟ್ಟಿದ್ದೀರಿ. ಇಂಕವೀಲಿಯಾ ಅವರಿಗೆ ಆಗ 21 ವರ್ಷ. ಕಾಲೇಜು ಆಟದಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಿದ್ದರು. ಡ್ರಾಫ್ಟ್ ಎಂದರೆ ನಿಮ್ಮನ್ನು ಆರಿಸಿದ ತಂಡವೊಂದರ ಜೊತೆ ಮಾತ್ರ ನೀವು ಮಾತನಾಡಬಹುದು. ಯಾವ ಊರು, ಯಾವ ಸಂಬಳ, ಎಷ್ಟು ವರ್ಷ ಕೆಳಗಿನ ಮೆಟ್ಟಿಲು, ಎಲ್ಲವನ್ನೂ ಅವರೇ ನಿರ್ಧರಿಸುತ್ತಾರೆ. ಹುಡುಗರ ಕೈಯಲ್ಲಿದ್ದ ಒಂದೇ ಅಸ್ತ್ರ ಸಹಿ ಹಾಕದಿರುವುದು. ಅವರು ಅದನ್ನು ಬಳಸಿ ಗೆದ್ದರು, ಮಾಲೀಕರು ಕೂಡಲೇ ಆ ಬಾಗಿಲಿಗೆ ಬೀಗ ಜಡಿದರು. ಮೂವತ್ತು ವರ್ಷ ಆ ಬೀಗಕ್ಕೆ ಅವರದೇ ಹೆಸರು. ಅವರ ಹಟವನ್ನು ಆತುರ ಎನ್ನುವ ಮೊದಲು, ಆ ದಿನಗಳಲ್ಲಿ ಮೈನರ್ ಲೀಗ್ ಹುಡುಗರಿಗೆ ಕೊಡುತ್ತಿದ್ದ ಕೂಲಿಯನ್ನು ನೆನೆಯಿರಿ. ಒಂದು ಗಾಯವಾದರೆ ಮುಗಿಯಿತು, ಕೈಗೆ ಚಿಪ್ಪು.

ಅರ್ವಿಂಗ್ ಕಿಟ್ಟಣ್ಣ

ದುಡ್ಡಿನ ಮಾತಿಗೆ ನನ್ನ ತಕರಾರಿಲ್ಲ ತಾಯಿ. ನಾನು ಹೇಳುತ್ತಿರುವುದು ಆಟದ ಮಾತು. ಅವನ ಜೇಬಿಗೆ ಒಳ್ಳೆಯದಾದದ್ದೇ ಅವನ ಬ್ಯಾಟಿಂಗ್‌ಗೂ ಒಳ್ಳೆಯದಾಯಿತು ಎನ್ನಲಾಗದು.

ಮಂಗಳೂರು ಶೆಣೈ (ಫಿಲಡೆಲ್ಫಿಯಾ)

ಇಷ್ಟು ಹೊತ್ತು ಮಾತಾಡಿದರೂ ಯಾರೂ 1993 ಎನ್ನಲಿಲ್ಲವಲ್ಲ! ನಮ್ಮ ಊರಿನವರಿಗೆ ಇಂಕವೀಲಿಯಾ ಎಂದರೆ ಆ ಒಂದು ವರ್ಷ.

ರೇಂಜರ್ಸ್ ಬಿಟ್ಟ ಮೇಲೆ ಅವನು ಡೆಟ್ರಾಯಿಟ್‌ನಲ್ಲಿ ಒಂದು ವರ್ಷ, ಹ್ಯೂಸ್ಟನ್‌ನಲ್ಲಿ ಒಂದು ವರ್ಷ, ಎರಡು ಕಡೆಯೂ ಹನ್ನೊಂದೇ ಹೋಮ್ ರನ್. ನಮ್ಮ ಫಿಲಡೆಲ್ಫಿಯಾದ ಫಿಲೀಸ್ ತಂಡ 1992ರಲ್ಲಿ ವಿಭಾಗದ ತಳದಲ್ಲಿತ್ತು. ಆಗ ಅಲ್ಲಿಗೆ ಬಂದ. ವ್ಯವಸ್ಥಾಪಕ ಜಿಮ್ ಫ್ರಿಗೋಸಿ ಮಾಡಿದ್ದು ಸರಳ ಕೆಲಸ: ಲೆಫ್ಟ್ ಫೀಲ್ಡ್ ಜಾಗವನ್ನು ಇಬ್ಬರಿಗೆ ಹಂಚಿದ. ಎದುರಾಳಿ ಪಿಚರ್ ಎಡಗೈಯವನಾದರೆ ಬಲಗೈ ಬ್ಯಾಟರ್ ಇಂಕವೀಲಿಯಾ, ಬಲಗೈಯವನಾದರೆ ಹೆಚ್ಚಾಗಿ ಎಡಗೈ ಬ್ಯಾಟರ್ ಮಿಲ್ಟ್ ಥಾಮ್ಸನ್. ದಿನಾ ಆಡುವ ಹೊರೆ ಇಳಿಯಿತು. ತನಗೆ ಒಗ್ಗದ ಬೌಲಿಂಗ್‌ನಿಂದ (ಕ್ಷಮಿಸಿ, ಪಿಚಿಂಗ್‌ನಿಂದ, ಕ್ರಿಕೆಟ್ ನಾಲಿಗೆ ಬಿಡುವುದಿಲ್ಲ) ದೂರ ಉಳಿದ. 116 ಪಂದ್ಯಗಳಲ್ಲಿ 24 ಹೋಮ್ ರನ್, 89 ಆರ್‌ಬಿಐ, ಸರಾಸರಿ 0.274. ರೇಂಜರ್ಸ್‌ನಲ್ಲಿ 30 ಹೊಡೆದ ವರ್ಷ ಹದಿನೆಂಟು ಅವಕಾಶಕ್ಕೊಂದು ಹೋಮ್ ರನ್. ಇಲ್ಲಿ ಹದಿನೈದಕ್ಕೊಂದು. ಕಿಟ್ಟಣ್ಣನವರೇ, ಅವನಿಗೆ ಬೇಕಾಗಿದ್ದದ್ದು ಮೈನರ್ ಲೀಗ್ ಅಲ್ಲ, ಅವನನ್ನು ಅರ್ಥಮಾಡಿಕೊಂಡ ಒಬ್ಬ ವ್ಯವಸ್ಥಾಪಕ.

ವಿಶ್ವ ಸರಣಿಯ ಆರನೆಯ ಪಂದ್ಯ, ಟೊರಾಂಟೋ, 1993ರ ಅಕ್ಟೋಬರ್ 23. ಫಿಲೀಸ್ 1–5 ಹಿಂದೆ. ಏಳನೆಯ ಇನ್ನಿಂಗ್ಸ್‌ನಲ್ಲಿ ಲೆನ್ನಿ ಡೈಕ್ಸ್‌ಟ್ರಾ ಮೂರು ಓಟದ ಹೋಮ್ ರನ್ ಹೊಡೆದ, ಡೇವ್ ಹಾಲಿನ್ಸ್ ಸಮ ಮಾಡಿದ. ಆಗ ಬದಲಿ ಬ್ಯಾಟರ್ ಆಗಿ ಬಂದವನು ಇಂಕವೀಲಿಯಾ. ಎಂದಿನಂತೆ ಆಕಾಶ ಕೀಳುವ ಬೀಸನ್ನಲ್ಲ, ಬೇಕಾದಷ್ಟೇ ಎತ್ತರದ ಹೊಡೆತವೊಂದನ್ನು ಹೊರಮೈದಾನಕ್ಕೆ ಕಳಿಸಿದ. ಕ್ಯಾಚ್ ಆಯಿತು, ಆದರೆ ಮೂರನೆಯ ಬೇಸ್‌ನಲ್ಲಿದ್ದವನು ಓಡಿಬಂದ. 6–5, ಫಿಲೀಸ್ ಮುಂದೆ. ಅವನ ಹೆಸರಿನ ಮುಂದೆ ಆ ರಾತ್ರಿ ಹಿಟ್ ಇಲ್ಲ, ಆರ್‌ಬಿಐ ಒಂದು.

ನಂತರ ಲೆಫ್ಟ್ ಫೀಲ್ಡ್‌ನಲ್ಲಿ ನಿಂತ. ಒಂಬತ್ತನೆಯ ಇನ್ನಿಂಗ್ಸ್‌ನ ಕೆಳಭಾಗ, ಮಿಚ್ ವಿಲಿಯಮ್ಸ್ ಎಸೆತ, ಬೇಸ್‌ಗಳಲ್ಲಿ ಇಬ್ಬರು, ಜೋ ಕಾರ್ಟರ್ ಹೊಡೆತ: ಟೊರಾಂಟೋಗೆ ಸರಣಿಯನ್ನೇ ಗೆದ್ದುಕೊಟ್ಟ ಹೋಮ್ ರನ್. ಆ ದೃಶ್ಯವನ್ನು ಕೋಟಿ ಜನ ನೋಡಿದ್ದಾರೆ, ಕಾರ್ಟರ್ ಕುಣಿಯುತ್ತಾ ಓಡುವುದನ್ನು. ಮುಂದಿನ ಸಲ ಚೆಂಡು ಹೋಗುವ ಕಡೆ ನೋಡಿ. ಬೇಲಿಯವರೆಗೆ ಓಡಿ, ತಲೆಯೆತ್ತಿ, ಇನ್ನು ಮಾಡುವುದೇನಿಲ್ಲ ಎಂದು ನಿಂತವನು ಕಾಲೇಜಿನ 48ರ ಒಡೆಯ.

ಗುಂಡೂರಾಯ

ಆ ಫ್ಲೈ ಹೊಡೆತ ನನಗೂ ನೆನಪಿದೆ. ಅದು ಚೆನ್ನಾಗಿತ್ತು. ಅದೊಂದನ್ನು ಒಪ್ಪುತ್ತೇನೆ.

ಹುಬ್ಬಳ್ಳಿ ಚಂದ್ರು

ನಂತರ ಏನಾದ?

ಅರ್ವಿಂಗ್ ಕಿಟ್ಟಣ್ಣ

1994ರಲ್ಲಿ ಮುಷ್ಕರವಾಗಿ ಮೇಜರ್ ಲೀಗ್ ಮಧ್ಯದಲ್ಲೇ ನಿಂತಿತು. 1995ರಲ್ಲಿ ಜಪಾನಿಗೆ ಹೋದ, ಚಿಬಾ ಲೊಟ್ಟೆ ಮರೀನ್ಸ್ ತಂಡ. ಅಲ್ಲಿ ವ್ಯವಸ್ಥಾಪಕ ಯಾರೆಂದುಕೊಂಡಿರಿ? ಅದೇ ಬಾಬಿ ವ್ಯಾಲಂಟೈನ್! ಅಲ್ಲಿ ಬೇಳೆ ಬೇಯಲಿಲ್ಲ, ಒಂದೇ ವರ್ಷದಲ್ಲಿ ಮರಳಿದ. ಮತ್ತೆ ಫಿಲೀಸ್, ಬಾಲ್ಟಿಮೋರ್, ಯಾಂಕೀಸ್, ಡೆಟ್ರಾಯಿಟ್, ಹ್ಯೂಸ್ಟನ್. 1998ಕ್ಕೆ ಮೇಜರ್ ಲೀಗ್ ಮುಗಿಯಿತು.

ಇಲ್ಲಿಂದಾಚೆಗಿನದೇ ನನಗೆ ಇಷ್ಟ. ಮೈನರ್ ಲೀಗ್ ಬಸ್ ಹತ್ತುವುದಿಲ್ಲ ಎಂದಿದ್ದವನು, ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಸ್ವತಂತ್ರ ಲೀಗ್‌ಗಳಲ್ಲಿ ವ್ಯವಸ್ಥಾಪಕನಾದ. ಮೈನರ್ ಲೀಗ್‌ಗಿಂತಲೂ ಸಣ್ಣ ಸಂಬಳ, ಇನ್ನೂ ಉದ್ದದ ಬಸ್ ಪ್ರಯಾಣ. ಡ್ರಾಫ್ಟ್ ಆಗದವರು, ಕೈಬಿಡಲ್ಪಟ್ಟವರು, ಇನ್ನೊಂದು ಅವಕಾಶ ಹುಡುಕುವವರು ಆಡುವ ಜಾಗ ಅದು. ಟೆಕ್ಸಾಸ್‌ನ ಗ್ರ್ಯಾಂಡ್ ಪ್ರೇರಿ, ಲರೇಡೊ, ಶುಗರ್ ಲ್ಯಾಂಡ್, ಆಮೇಲೆ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್. 2018ರಲ್ಲಿ ಶುಗರ್ ಲ್ಯಾಂಡ್ ತಂಡಕ್ಕೆ ಅಟ್ಲಾಂಟಿಕ್ ಲೀಗ್ ಗೆದ್ದುಕೊಟ್ಟ.

ವಸುಧಾ (ಲೋಹಶಾಸ್ತ್ರ)

ಗ್ರ್ಯಾಂಡ್ ಪ್ರೇರಿ ಎಂದರೆ ಈಗ ಕ್ರಿಕೆಟ್ ನಡೆಯುವ ಮೈದಾನವೇ?

ಅರ್ವಿಂಗ್ ಕಿಟ್ಟಣ್ಣ

ಅದೇ. 2008ರಲ್ಲಿ ಏರ್‌ಹಾಗ್ಸ್ ಎಂಬ ಬೇಸ್‌ಬಾಲ್ ತಂಡಕ್ಕಾಗಿ ಕಟ್ಟಿದ ಮೈದಾನ, ಅದರ ಮೊದಲ ವ್ಯವಸ್ಥಾಪಕ ಇಂಕವೀಲಿಯಾ. ತಂಡ ಮುಚ್ಚಿತು, ಪಿಚರ್ ನಿಲ್ಲುವ ದಿಬ್ಬ ಕೆಡವಿ ನಡುವೆ ಕ್ರಿಕೆಟ್ ಪಿಚ್ ಹಾಕಿದರು. 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಅಲ್ಲಿ ಆರಂಭವಾಯಿತು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿದ್ದು ಅಲ್ಲೇ. ಆ ಪಂದ್ಯದಲ್ಲಿ ಮೂರು ವಿಕೆಟ್ ಪಡೆದ ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ಹುಡುಗ. ಅಂದು ಟೆಕ್ಸಾಸ್‌ನ ನಮ್ಮೂರು ಅರ್ವಿಂಗ್‌ನಿಂದ ಹೋದ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಆ ಮೈದಾನದ ಹಿಂದಿನ ಬಾಳು ಗೊತ್ತಿತ್ತೋ!

ಮಂಗಳೂರು ಶೆಣೈ (ಫಿಲಡೆಲ್ಫಿಯಾ)

ಒಂದು ಪ್ರಶ್ನೆ ಉಳಿಯಿತು. 48ರ ದಾಖಲೆಯನ್ನು ಯಾರಾದರೂ ಮುರಿಯುತ್ತಾರೆಯೇ?

ವಸುಧಾ (ಲೋಹಶಾಸ್ತ್ರ)

ಋತುವಿನ ದಾಖಲೆಗೆ ಸಾಧ್ಯತೆ ಇದೆ. ಕಾಂಡನ್ ತೋರಿಸಿದರಲ್ಲ. 2015ರಲ್ಲಿ ಚೆಂಡಿನ ಹೊಲಿಗೆಯನ್ನು ತಗ್ಗಿಸಿದ ಮೇಲೆ ಅದು ಗಾಳಿಯಲ್ಲಿ ಹೆಚ್ಚು ದೂರ ಹೋಗುತ್ತದೆ, ಹುಡುಗರ ಮೈಕಟ್ಟೂ ಬೀಸುವ ಕ್ರಮವೂ ಬದಲಾಗಿದೆ. ಆದರೆ 65 ಪಂದ್ಯಗಳೊಳಗೆ 49 ಬೇಕು. ಒಟ್ಟು 100ರ ದಾಖಲೆ ಮಾತ್ರ ಕಷ್ಟ. ಮೊದಲ ವರ್ಷದಿಂದಲೇ ಹಾಗೆ ಹೊಡೆಯುವವರು ಮೂರನೆಯ ವರ್ಷದ ಕೊನೆಗೆ ಡ್ರಾಫ್ಟ್ ಆಗಿ ಹೊರಟುಬಿಡುತ್ತಾರೆ.

ಗುಂಡೂರಾಯ

ಮುರಿಯಲಿ ಎಂದೇ ನನ್ನ ಆಸೆ, ಈ ಬ್ಯಾಟಿನ ಜಗಳ ಮುಗಿಯುತ್ತದೆ. ಕಿಟ್ಟಣ್ಣನವರೇ, ವೆಂಚುರಾನ 58 ಪಂದ್ಯಗಳ ಬಗ್ಗೆ ಪ್ರತ್ಯೇಕ ಚರ್ಚೆ ಆರಂಭಿಸಿ. ಅಲ್ಲಿ ನನಗೆ ಹೇಳಲು ಬಹಳ ಇದೆ.

ಅರ್ವಿಂಗ್ ಕಿಟ್ಟಣ್ಣ

ಭಾನುವಾರ ಆರಂಭಿಸುತ್ತೇನೆ ರಾಯರೇ. ಓಲೆರುಡ್ ಹೆಸರು ಎತ್ತುವುದಿಲ್ಲ ಎಂದು ಮೊದಲೇ ಮಾತು ಕೊಡಿ.